ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ದಾಟುವುದು ಹೇಗೆ: ತುಮಕೂರಿನ ಗಣಿತ ಮೇಷ್ಟರೊಬ್ಬರ ಟಿಪ್ಪಣಿ

ಪ್ರತಿ ವರ್ಷ ಮೊದಲ ಇಂಟರ್ನಲ್ಸ್ ಮುಗಿದ ವಾರ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿಗಳ ಸಂಖ್ಯೆ ಏರುತ್ತದೆ. ಗುಬ್ಬಿ, ಕೊರಟಗೆರೆ, ಮಧುಗಿರಿ, ಶಿರಾ ಕಡೆಯಿಂದ ಬಂದು ತುಮಕೂರಿನ ಹಾಸ್ಟೆಲ್ಲು, ರೂಮುಗಳಲ್ಲಿ ಉಳಿದುಕೊಂಡ ಹುಡುಗ ಹುಡುಗಿಯರು. ಎಂಜಿನಿಯರಿಂಗಿನವರೂ ಇರುತ್ತಾರೆ, ಬಿ.ಎಸ್ಸಿ.ಯವರೂ ಇರುತ್ತಾರೆ. "ಸಾರ್, ಕ್ಲಾಸಲ್ಲಿ ಅರ್ಥ ಆಗ್ತದೆ, ಪೇಪರ್ ಮುಂದೆ ಕೂತ್ರೆ ಕೈ ಓಡಲ್ಲ" ಅನ್ನುವುದು ಸಾಮಾನ್ಯ ದೂರು. ಕಳೆದ ಸಲ ಒಬ್ಬ ಇನ್ನೂ ಚೆನ್ನಾಗಿ ಹೇಳಿದ: "ಡಿಫರೆನ್ಶಿಯೇಷನ್ ಎಲ್ಲಾ ಬರ್ತದೆ ಸಾರ್, ಆನ್ಸರ್ ಮಾತ್ರ ಬರಲ್ಲ."

ಉಳಿದವರು ನಕ್ಕರು. ನಾನು ಅವನ ನೋಟ್‌ಬುಕ್ ತೆಗೆಸಿ ನೋಡಿದೆ. ಎಕ್ಸ್ ಸ್ಕ್ವೇರ್ ಪ್ಲಸ್ 9, ಇದರ ವರ್ಗಮೂಲ. ಎಕ್ಸ್ 4 ಆದಾಗ ಇದರ ಡೆರಿವೇಟಿವ್ ಎಷ್ಟು ಎಂಬುದು ಪ್ರಶ್ನೆ. ಅವನು ಮೊದಲ ಸಾಲಿನಲ್ಲೇ ವರ್ಗಮೂಲವನ್ನು ಒಡೆದು ಎಕ್ಸ್ ಪ್ಲಸ್ 3 ಮಾಡಿದ್ದ. ಎಕ್ಸ್ ಪ್ಲಸ್ 3ರ ಡೆರಿವೇಟಿವ್ 1. ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಸರಿಯುತ್ತರ 4/5. ಅಂದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅವನಿಗೆ ಡಿಫರೆನ್ಶಿಯೇಷನ್ ಬರುತ್ತಿತ್ತು. ಬಾರದಿದ್ದದ್ದು ವರ್ಗಮೂಲ.

ನನ್ನ ಅನುಭವದಲ್ಲಿ ಕ್ಯಾಲ್ಕುಲಸ್ ಪೇಪರಿನಲ್ಲಿ ಎಡವುವ ಹೆಚ್ಚಿನವರು ಎಡವುವುದು ಒಂಬತ್ತು, ಹತ್ತನೇ ತರಗತಿಯ ಗಣಿತದಲ್ಲಿ. ಈ ಬರಹದ ಕ್ರಮವೂ ಅದನ್ನೇ ಅನುಸರಿಸುತ್ತದೆ. ಇಲ್ಲಿ ಲೆಕ್ಕಗಳನ್ನು ತರಗತಿಯಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ನೀವೇ ಸಂಕೇತಕ್ಕೆ ಇಳಿಸಿಕೊಳ್ಳಿ. ಆ ಕೆಲಸವೂ ಅಭ್ಯಾಸವೇ.

ಮೊದಲ ವಾರ: ಹಳೇ ಸಾಲ ತೀರಿಸಿ

ಹೊಸ ಪಾಠ ಮುಟ್ಟುವ ಮೊದಲು ಈ ಆರು ಲೆಕ್ಕ ಮಾಡಿ. ಕ್ಯಾಲ್ಕುಲೇಟರ್ ಬೇಡ, ಹತ್ತು ನಿಮಿಷ ಸಾಕು.

1. ಎಕ್ಸ್ 4 ಆದಾಗ, ಎಕ್ಸ್ ಸ್ಕ್ವೇರ್ ಪ್ಲಸ್ 9ರ ವರ್ಗಮೂಲ ಎಷ್ಟು? ಎಕ್ಸ್ ಪ್ಲಸ್ 3 ಎಷ್ಟು?
2. 1 ÷ (2 + 3) ಎಷ್ಟು? 1/2 + 1/3 ಎಷ್ಟು?
3. ಬೇಸ್ 2ರಲ್ಲಿ ಲಾಗ್ 8 ಪ್ಲಸ್ ಲಾಗ್ 4 ಎಷ್ಟು?
4. 4ರ ಘಾತ ಮೈನಸ್ 1/2 ಎಷ್ಟು?
5. ಕಾಸ್ 120 ಡಿಗ್ರಿ ಎಷ್ಟು?
6. ಎಕ್ಸ್ ಸ್ಕ್ವೇರ್ ಮೈನಸ್ 9 ಭಾಗಿಸು ಎಕ್ಸ್ ಮೈನಸ್ 3. ಎಕ್ಸ್ 3ರ ಹತ್ತಿರ ಬಂದಾಗ ಇದು ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ?

ಉತ್ತರಗಳು ಕೊನೆಯಲ್ಲಿವೆ. ಎರಡಕ್ಕಿಂತ ಹೆಚ್ಚು ತಪ್ಪಿದರೆ ನಾಚಿಕೆಪಡಬೇಡಿ. ಊರಿಗೆ ಹೋದಾಗ ಹತ್ತನೇ ತರಗತಿಯ ಮತ್ತು ಫಸ್ಟ್ ಪಿಯುಸಿಯ ಗಣಿತ ಪುಸ್ತಕ ಹುಡುಕಿ ತನ್ನಿ. ಘಾತಾಂಕ, ಭಿನ್ನರಾಶಿ, ಲಾಗ್, ತ್ರಿಕೋನಮಿತಿ, ಅಪವರ್ತನ, ಇಷ್ಟು ಅಧ್ಯಾಯಗಳಲ್ಲಿ ತಲಾ ಇಪ್ಪತ್ತು ಲೆಕ್ಕ ಮಾಡಿ. ವಾರದ ಕೆಲಸ. ಈ ವಾರ ಉಳಿಸಿಕೊಂಡರೆ ಮುಂದಿನ ಮೂರು ತಿಂಗಳು ಅದಕ್ಕೆ ಬಡ್ಡಿ ಕಟ್ಟುತ್ತೀರಿ.

ಕಾಯಿ ಮರದಿಂದ ಬಿದ್ದಾಗ

ಲಿಮಿಟ್, ಡೆರಿವೇಟಿವ್ ಎರಡನ್ನೂ ಒಂದೇ ಉದಾಹರಣೆಯಲ್ಲಿ ಹಿಡಿಯಬಹುದು. ನಮ್ಮದು ಕಲ್ಪತರು ನಾಡು. ಹಾಗಾಗಿ ಸೇಬಿನ ಬದಲು ತೆಂಗಿನಕಾಯಿ.

20 ಮೀಟರ್ ಎತ್ತರದ ಮರದಿಂದ ಕಾಯಿ ಕಳಚಿತು ಅಂದುಕೊಳ್ಳಿ. ಗಾಳಿಯ ತಡೆ ಬಿಟ್ಟು, ಗುರುತ್ವವನ್ನು 10 ಎಂದು ಹಿಡಿದರೆ, ಟಿ ಸೆಕೆಂಡಿನಲ್ಲಿ ಅದು ಬಿದ್ದ ದೂರ 5 ಟಿ ಸ್ಕ್ವೇರ್ ಮೀಟರ್. 1 ಸೆಕೆಂಡಿಗೆ 5 ಮೀಟರ್, 2 ಸೆಕೆಂಡಿಗೆ 20 ಮೀಟರ್, ನೆಲ. ಈಗ ಪ್ರಶ್ನೆ: ಸರಿಯಾಗಿ 1ನೇ ಸೆಕೆಂಡಿನಲ್ಲಿ ಕಾಯಿಯ ವೇಗ ಎಷ್ಟು?

ವೇಗ ಅಂದರೆ ದೂರ ಭಾಗಿಸು ಸಮಯ. ಆದರೆ "ಆ ಕ್ಷಣ"ದಲ್ಲಿ ದೂರವೂ ಸೊನ್ನೆ, ಸಮಯವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಆದ್ದರಿಂದ ಆ ಕ್ಷಣದ ಪಕ್ಕದಲ್ಲಿ ನಿಂತು ನೋಡೋಣ. 1ರಿಂದ 2 ಸೆಕೆಂಡಿನ ನಡುವೆ ಸರಾಸರಿ ವೇಗ 15. 1ರಿಂದ 1.1ರ ನಡುವೆ 10.5. 1ರಿಂದ 1.01ರ ನಡುವೆ 10.05. 1ರಿಂದ 1.001ರ ನಡುವೆ 10.005. ಇದು ಎಲ್ಲಿಗೆ ಹೊರಟಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. 10. ಆ 10 ಲಿಮಿಟ್ಟು. ಆ ಲಿಮಿಟ್ಟಿಗೇ ಡೆರಿವೇಟಿವ್ ಅಂತ ಹೆಸರು. 5 ಟಿ ಸ್ಕ್ವೇರಿನ ಡೆರಿವೇಟಿವ್ 10 ಟಿ ಎಂಬ ಸೂತ್ರ ಇದನ್ನೇ ಒಂದು ಸಾಲಿನಲ್ಲಿ ಹೇಳುತ್ತದೆ. ನೆಲ ಮುಟ್ಟುವಾಗ ಟಿ 2, ಆದ್ದರಿಂದ ವೇಗ ಸೆಕೆಂಡಿಗೆ 20 ಮೀಟರ್. ಗಂಟೆಗೆ 72 ಕಿಲೋಮೀಟರ್, ಹೈವೇ ಬಸ್ಸಿನ ವೇಗ. ತೋಟದಲ್ಲಿ ಅಜ್ಜ "ಮರದ ಕೆಳಗೆ ನಿಲ್ಲಬೇಡ ಮಗಾ" ಅನ್ನುತ್ತಿದ್ದದ್ದು ಡೆರಿವೇಟಿವ್ ಗೊತ್ತಿದ್ದೇ ಇರಬೇಕು.

ಈ ನಾಲ್ಕು ಸಾಲಿನ ಲೆಕ್ಕವನ್ನು ನಿಮ್ಮ ಕೈಯಿಂದಲೇ ಮಾಡಿ. ಸೂತ್ರ ಗೊತ್ತಿದೆಯಲ್ಲ ಎಂದು ಹಾರಿಸಬೇಡಿ. ಎಪ್ಸಿಲಾನ್, ಡೆಲ್ಟಾ ಬಂದಾಗ ಬೆದರದಿರಲು ಇರುವುದು ಇದೊಂದೇ ದಾರಿ. ಅಲ್ಲಿ ಹೇಳುವುದು ಇಷ್ಟೇ: 10ಕ್ಕೆ ಎಷ್ಟು ಹತ್ತಿರ ಬೇಕು ಅಂತ ನೀವು ಕೇಳಿ, 1 ಸೆಕೆಂಡಿಗೆ ಎಷ್ಟು ಹತ್ತಿರ ನಿಲ್ಲಬೇಕು ಅಂತ ನಾನು ಹೇಳುತ್ತೇನೆ. ಗಿರಾಕಿ ಕೇಳುವುದು ಎಪ್ಸಿಲಾನ್, ಅಂಗಡಿಯವನು ಕೊಡುವುದು ಡೆಲ್ಟಾ.

ತಲೆಗೆ ಹತ್ತದಿದ್ದರೆ ಸಮಾಧಾನ ಮಾಡಿಕೊಳ್ಳಿ. ಗ್ರಹದ ಆ ಕ್ಷಣದ ಗತಿಯನ್ನು, ತಾತ್ಕಾಲಿಕ ಗತಿಯನ್ನು, ಎರಡನೇ ಭಾಸ್ಕರ 1150ರಲ್ಲೇ ಲೆಕ್ಕ ಹಾಕಿದ್ದ. 17ನೇ ಶತಮಾನದಲ್ಲಿ ನ್ಯೂಟನ್, ಲೈಬ್ನಿಟ್ಸ್ ಇಡೀ ಶಾಸ್ತ್ರವನ್ನೇ ಕಟ್ಟಿದರು. ಆದರೂ ಆ ಪುಟ್ಟ ಅಂತರ ಬೇಕಾದಾಗ ಇರುತ್ತದೆ, ಬೇಡವಾದಾಗ ಮಾಯವಾಗುತ್ತದೆ, ಇದೆಂಥ ಲೆಕ್ಕ ಎಂದು 1734ರಲ್ಲಿ ತತ್ವಜ್ಞಾನಿ ಜಾರ್ಜ್ ಬರ್ಕ್‌ಲಿ ಜಗಳ ತೆಗೆದಾಗ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಫ್ರೆಂಚ್ ಗಣಿತಜ್ಞ ಕೋಶಿ 1821ರಲ್ಲಿ ಅಡಿಪಾಯ ಹಾಕಿದ. ಎಪ್ಸಿಲಾನ್, ಡೆಲ್ಟಾದ ಈಗಿನ ಪಕ್ಕಾ ರೂಪ ಬರಲು ಜರ್ಮನ್ ಗಣಿತಜ್ಞ ವೈಯರ್‌ಸ್ಟ್ರಾಸ್‌ವರೆಗೆ ಕಾಯಬೇಕಾಯಿತು. ಅವರೆಲ್ಲ ಒಂದೂವರೆ ಶತಮಾನಕ್ಕೂ ಹೆಚ್ಚು ತೆಗೆದುಕೊಂಡದ್ದಕ್ಕೆ ನೀವು ಒಂದೂವರೆ ವಾರ ತೆಗೆದುಕೊಂಡರೆ ಯಾರೂ ಕೇಳುವುದಿಲ್ಲ.

ಎಕ್ಸ್‌ಗೆ ಗೌರವ ಕೊಡುವುದು

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ನಾನೂ ಹಾಗೇ ಬಂದವನು. ಮೊದಲ ದಿನ ಬೋರ್ಡಿನ ಮುಂದೆ ಮೇಷ್ಟರು "ಡಿಫರೆನ್ಶಿಯೇಟ್ ವಿತ್ ರೆಸ್ಪೆಕ್ಟ್ ಟು ಎಕ್ಸ್" ಅಂದರು. ರೆಸ್ಪೆಕ್ಟ್ ಅಂದರೆ ಗೌರವ ಅಂತ ನನಗೆ ಗೊತ್ತಿತ್ತು. ಎಕ್ಸ್‌ಗೆ ಯಾಕೆ ಗೌರವ, ವೈ ಏನು ಪಾಪ ಮಾಡಿತ್ತು ಅಂತ ಮೂರು ವಾರ ಒಳಗೊಳಗೇ ಒದ್ದಾಡಿದೆ, ಕೇಳಲಿಲ್ಲ. ಆ ಸೆಮಿಸ್ಟರ್ ಗಣಿತ ಹೋಯಿತು. ತಪ್ಪು ಮೇಷ್ಟರದಲ್ಲ, ಕೇಳದೆ ಕೂತ ನನ್ನದು.

"ವಿತ್ ರೆಸ್ಪೆಕ್ಟ್ ಟು ಎಕ್ಸ್" ಅಂದರೆ "ಎಕ್ಸ್ ಬದಲಾದ ಹಾಗೆ" ಅಷ್ಟೇ. ಎಕ್ಸ್ ಒಂಚೂರು ಬದಲಾದರೆ ವೈ ಅದರ ಎಷ್ಟು ಪಟ್ಟು ಬದಲಾಗುತ್ತದೆ ಎಂಬುದೇ ಪ್ರಶ್ನೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಇಂಥ ಪದಗಳ ಪಟ್ಟಿ ಮಾಡಿಕೊಳ್ಳಿ. ಡಿಫರೆನ್ಶಿಯೇಷನ್ ಅವಕಲನ, ಇಂಟಿಗ್ರೇಷನ್ ಅನುಕಲನ, ಟ್ಯಾಂಜೆಂಟ್ ಸ್ಪರ್ಶಕ, ಸ್ಲೋಪ್ ಇಳಿಜಾರು, ಕಾನ್ಸ್‌ಟಂಟ್ ಸ್ಥಿರಾಂಕ. ನಿಘಂಟಿನ ಪದ ಸಿಗದಿದ್ದರೆ ನಿಮ್ಮ ಮನೆಮಾತಿನಲ್ಲೇ ಬರೆದುಕೊಳ್ಳಿ. "ಶೋ ದಟ್" ಅಂದರೆ ಉತ್ತರ ಅವರೇ ಕೊಟ್ಟಿದ್ದಾರೆ, ದಾರಿ ಮಾತ್ರ ನೀವು ತೋರಿಸಬೇಕು. "ಹೆನ್ಸ್" ಅಂದರೆ ಮೇಲೆ ಮಾಡಿದ್ದನ್ನೇ ಬಳಸಿ ಮಾಡಬೇಕು. ಈ ಎರಡು ಪದಗಳಿಗೆ ಎಷ್ಟು ಅಂಕ ಹೋಗುತ್ತವೆ ಅಂತ ಪೇಪರ್ ತಿದ್ದಿದವರನ್ನು ಕೇಳಿ.

ನಿಯಮಗಳು: ಒಂದು ಸೈಟು, ಒಂದು ಸೈಕಲ್ಲು

ನಿಯಮಗಳಲ್ಲಿ ಕಾಡುವುದು ಎರಡೇ. ಒಂದು ಪ್ರಾಡಕ್ಟ್ ರೂಲ್, ಇನ್ನೊಂದು ಚೈನ್ ರೂಲ್.

ಎರಡು ಫಂಕ್ಷನ್ ಗುಣಿಸಿದ್ದರೆ ಎರಡರ ಡೆರಿವೇಟಿವ್ ಗುಣಿಸಿದರಾಯಿತು ಅಂತ ಅರ್ಧ ಕ್ಲಾಸು ನಂಬಿರುತ್ತದೆ. 30-40 ಸೈಟು ನೆನಪಿಸಿಕೊಳ್ಳಿ. ವಿಸ್ತೀರ್ಣ 1200 ಚದರಡಿ. ಎರಡು ಕಡೆಯೂ ಒಂದೊಂದು ಅಡಿ ಸಿಕ್ಕಿತು, 31-41, ಅಂದರೆ 1271. ಹೆಚ್ಚಾದದ್ದು 71. ಒಂದು ಪಕ್ಕ 40 ಅಡಿಯ ಪಟ್ಟಿ, ಇನ್ನೊಂದು ಪಕ್ಕ 30 ಅಡಿಯ ಪಟ್ಟಿ, ಮೂಲೆಯಲ್ಲಿ 1 ಅಡಿಯ ಚೌಕ. ಅಗಲದ ಬದಲಾವಣೆ ಗುಣಿಸು ಉದ್ದ, ಪ್ಲಸ್ ಉದ್ದದ ಬದಲಾವಣೆ ಗುಣಿಸು ಅಗಲ. ಇದೇ ಪ್ರಾಡಕ್ಟ್ ರೂಲ್. ಮೂಲೆಯ ಚೌಕ ಎಲ್ಲಿ ಹೋಯಿತು ಅನ್ನುತ್ತೀರಾ? ಒಂದು ಅಡಿಯ ಬದಲು 0.01 ಅಡಿ ಹೆಚ್ಚಿಸಿ ನೋಡಿ. ಪಟ್ಟಿಗಳೆರಡೂ ಸೇರಿ 0.7, ಮೂಲೆ 0.0001. ಲಿಮಿಟ್ಟಿನಲ್ಲಿ ಮೂಲೆಗೆ ಬೆಲೆಯಿಲ್ಲ. (ಪಕ್ಕದ ಸೈಟಿನವನ ಜೊತೆ ಮೂಲೆ ವ್ಯಾಜ್ಯ ಇರುವವರು ಇದನ್ನು ಒಪ್ಪದಿರಬಹುದು.)

ಚೈನ್ ರೂಲಿಗೆ ಸೈಕಲ್ ಚೈನೇ ಸಾಕು. ಪೆಡಲಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಹೊಡೆದಾಗ ಹಿಂದಿನ ಗಾಲಿ 3 ಸುತ್ತು. ಗಾಲಿ ಒಂದು ಸುತ್ತಿಗೆ 2.1 ಮೀಟರ್ ಹೋಗುತ್ತದೆ ಅಂದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 6.3 ಮೀಟರ್. ಗುಣಿಸಿದೆವು, ಕೂಡಲಿಲ್ಲ. ಸೈನ್ ಆಫ್ 3 ಎಕ್ಸ್ ಸ್ಕ್ವೇರ್ ಕೂಡ ಹೀಗೇ. ಹೊರಗಿನದು ಸೈನ್, ಅದರಿಂದ ಕಾಸ್ ಆಫ್ 3 ಎಕ್ಸ್ ಸ್ಕ್ವೇರ್. ಒಳಗಿನದು 3 ಎಕ್ಸ್ ಸ್ಕ್ವೇರ್, ಅದರಿಂದ 6 ಎಕ್ಸ್. ಎರಡನ್ನೂ ಗುಣಿಸಿ. 6 ಎಕ್ಸ್ ಮರೆತರೆ ಚೈನ್ ಕಳಚಿಕೊಂಡ ಸೈಕಲ್ಲು. ಪೆಡಲ್ ತಿರುಗುತ್ತದೆ, ಗಾಡಿ ಅಲ್ಲೇ.

ದಿನಕ್ಕೆ ಹತ್ತು ಲೆಕ್ಕದ ಹಾಗೆ ಎರಡು ವಾರ ಬರೀ ಡಿಫರೆನ್ಶಿಯೇಷನ್ ಮಾಡಿ. ಉತ್ತರ ಸರಿಯೋ ತಪ್ಪೋ ಅಂತ ಪುಸ್ತಕದ ಹಿಂದೆ ನೋಡುವ ಮೊದಲು ಕ್ಯಾಲ್ಕುಲೇಟರಿನಲ್ಲಿ ನೀವೇ ಪರೀಕ್ಷಿಸಿಕೊಳ್ಳಬಹುದು. ಮೇಲಿನ ಹುಡುಗನ ಲೆಕ್ಕಕ್ಕೆ ಬರೋಣ. ಎಕ್ಸ್ 4 ಇದ್ದಾಗ ಮೂಲ 5. ಎಕ್ಸ್ 4.01 ಇದ್ದಾಗ 25.0801ರ ಮೂಲ, 5.008. ಹೆಚ್ಚಿದ 0.008 ಅನ್ನು 0.01ರಿಂದ ಭಾಗಿಸಿದರೆ 0.8. ಅವನ ಉತ್ತರ 1 ಆಗಿರಲು ಸಾಧ್ಯವೇ ಇಲ್ಲ ಅಂತ ಇಪ್ಪತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು.

ಕಣದಲ್ಲಿ ರಾಗಿ ರಾಶಿ

ಹುಡುಗರು ಅತಿ ಹೆಚ್ಚು ಹೆದರುವುದು ಮಾತಿನಲ್ಲಿ ಕೊಟ್ಟ ಲೆಕ್ಕಗಳಿಗೆ. ಪುಸ್ತಕದಲ್ಲಿ ಮರಳು ಕನ್ವೇಯರ್ ಬೆಲ್ಟಿನಿಂದ ಬೀಳುತ್ತಿರುತ್ತದೆ. ನಮ್ಮಲ್ಲಿ ಎಷ್ಟು ಜನ ಕನ್ವೇಯರ್ ಬೆಲ್ಟ್ ನೋಡಿದ್ದೇವೆ? ಒಕ್ಕಣೆ ಮಿಷನ್ನು ನೋಡಿದ್ದೇವೆ. ಅದನ್ನೇ ತೆಗೆದುಕೊಳ್ಳೋಣ, ಮತ್ತು ಸ್ವಲ್ಪ ನಿಧಾನವಾಗಿ ಮಾಡೋಣ. ಈ ಒಂದು ಲೆಕ್ಕ ಸರಿಯಾಗಿ ಕೂತರೆ ಈ ಬಗೆಯ ಎಲ್ಲ ಲೆಕ್ಕವೂ ಕೂರುತ್ತದೆ.

ಮಿಷನ್ನಿನಿಂದ ರಾಗಿ ನಿಮಿಷಕ್ಕೆ 0.02 ಘನ ಮೀಟರ್ ಬೀಳುತ್ತಿದೆ. ರಾಶಿ ಶಂಕುವಿನ ಆಕಾರದಲ್ಲಿ ಬೆಳೆಯುತ್ತಿದೆ. ಬುಡದ ತ್ರಿಜ್ಯ ಯಾವಾಗಲೂ ಎತ್ತರದ ಎರಡರಷ್ಟು. ರಾಶಿ ಅರ್ಧ ಮೀಟರ್ ಎತ್ತರ ಇದ್ದಾಗ ಎತ್ತರ ಯಾವ ವೇಗದಲ್ಲಿ ಏರುತ್ತಿರುತ್ತದೆ?

ಮೊದಲು ಪೆನ್ ಕೆಳಗಿಟ್ಟು ಪ್ರಶ್ನೆಯನ್ನು ಕನ್ನಡದಲ್ಲಿ ನಿಮಗೇ ಹೇಳಿಕೊಳ್ಳಿ. ಯಾವುದು ಬದಲಾಗುತ್ತಿದೆ? ಗಾತ್ರ, ತ್ರಿಜ್ಯ, ಎತ್ತರ, ಮೂರೂ. ಯಾವುದರ ವೇಗ ಗೊತ್ತಿದೆ? ಗಾತ್ರದ್ದು. ಯಾವುದರ ವೇಗ ಬೇಕು? ಎತ್ತರದ್ದು. ಹಾಗಾದರೆ ಗಾತ್ರಕ್ಕೂ ಎತ್ತರಕ್ಕೂ ನಂಟು ಹಾಕಬೇಕು, ನಡುವೆ ಇರುವ ತ್ರಿಜ್ಯವನ್ನು ಹೊರಗೆ ಕಳಿಸಬೇಕು.

ಶಂಕುವಿನ ಗಾತ್ರ 1/3 ಪೈ ಆರ್ ಸ್ಕ್ವೇರ್ ಎಚ್. ಆರ್ ಜಾಗದಲ್ಲಿ 2 ಎಚ್ ಹಾಕಿ. 4/3 ಪೈ ಎಚ್ ಕ್ಯೂಬ್ ಆಯಿತು. ಈಗ ಸಮಯ ಬದಲಾದ ಹಾಗೆ ಎರಡೂ ಕಡೆ ಡಿಫರೆನ್ಶಿಯೇಟ್ ಮಾಡಿ. ಎಡಕ್ಕೆ ಗಾತ್ರದ ವೇಗ. ಬಲಕ್ಕೆ 4 ಪೈ ಎಚ್ ಸ್ಕ್ವೇರ್ ಗುಣಿಸು ಎತ್ತರದ ವೇಗ. ಆ ಕೊನೆಯ ಗುಣಾಕಾರವೇ ಸೈಕಲ್ ಚೈನು. ಈಗ, ಈಗ ಮಾತ್ರ, ಎಚ್ ಜಾಗದಲ್ಲಿ 0.5 ಹಾಕಿ. 4 ಪೈ ಗುಣಿಸು 0.25 ಅಂದರೆ ಪೈ. 0.02 ಭಾಗಿಸು 3.14, ಅಂದರೆ ನಿಮಿಷಕ್ಕೆ 0.0064 ಮೀಟರ್. 6.4 ಮಿಲಿಮೀಟರ್.

ರಾಶಿ ಒಂದು ಮೀಟರ್ ಎತ್ತರ ಆದಾಗ? 4 ಪೈ, 12.57. ನಿಮಿಷಕ್ಕೆ 1.6 ಮಿಲಿಮೀಟರ್. ಎತ್ತರ ಎರಡರಷ್ಟಾದರೆ ಏರುವ ವೇಗ ಕಾಲು ಭಾಗ. ಕಣದಲ್ಲಿ ಕೂತವರಿಗೆ ಇದು ಗೊತ್ತೇ ಇದೆ. ಮೊದಲು ರಾಶಿ ಸರಸರ ಏಳುತ್ತದೆ, ಆಮೇಲೆ ಎಷ್ಟು ಸುರಿದರೂ ಅಷ್ಟೇ ಇದ್ದ ಹಾಗೆ ಕಾಣುತ್ತದೆ, ಅಗಲಕ್ಕೆ ಹರಡುತ್ತಿರುತ್ತದೆ. ಉತ್ತರ ಬಂದ ಮೇಲೆ ಹೀಗೆ ಕಣ್ಣಲ್ಲಿ ಕಂಡದ್ದಕ್ಕೆ ಹೋಲಿಸಿ. ಉತ್ತರ 6 ಮೀಟರ್ ಬಂದಿದ್ದರೆ ನಿಮಿಷದಲ್ಲಿ ರಾಶಿ ಮನೆ ಮಾಳಿಗೆ ದಾಟಬೇಕಿತ್ತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: 0.5 ಅನ್ನು ಮೊದಲೇ ಹಾಕಿಬಿಡುವುದು. ಹಾಕಿದ ಕೂಡಲೇ ಎತ್ತರ ಸ್ಥಿರ ಸಂಖ್ಯೆ ಆಗಿಬಿಡುತ್ತದೆ, ಸ್ಥಿರ ಸಂಖ್ಯೆಯ ಡೆರಿವೇಟಿವ್ ಸೊನ್ನೆ. ಓಡುವ ಬಸ್ಸಿನ ಫೋಟೋ ತೆಗೆದು ಆ ಫೋಟೋದಲ್ಲಿ ಬಸ್ಸಿನ ವೇಗ ಹುಡುಕಿದ ಹಾಗೆ. ಮೊದಲು ಡಿಫರೆನ್ಶಿಯೇಷನ್, ಆಮೇಲೆ ಸಂಖ್ಯೆ.

ಇದೇ ರೀತಿ ಮನೆಯ ಸಂಪಿಗೆ ಮಾಡಿ ನೋಡಿ. ತಳ 2 ಮೀಟರ್ ಗುಣಿಸು 1.5 ಮೀಟರ್, ನಲ್ಲಿಯಿಂದ ನಿಮಿಷಕ್ಕೆ 30 ಲೀಟರ್. ನಿಮಿಷಕ್ಕೆ 1 ಸೆಂಟಿಮೀಟರ್ ಬರಬೇಕು, ತುಂಬುವವರೆಗೂ ಅಷ್ಟೇ. ರಾಶಿಯಲ್ಲಿ ಬದಲಾದದ್ದು ಸಂಪಿನಲ್ಲಿ ಯಾಕೆ ಬದಲಾಗಲಿಲ್ಲ ಅಂತ ಪಕ್ಕದವನಿಗೆ ವಿವರಿಸಲು ಬಂದರೆ ಈ ಅಧ್ಯಾಯ ಮುಗಿಯಿತು.

ದೇವರಾಯನದುರ್ಗದ ತಿರುವು

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನವರಿಗೆ ಪೋಲಾರ್ ಕರ್ವ್ ಮತ್ತು ರೇಡಿಯಸ್ ಆಫ್ ಕರ್ವೇಚರ್ ಶುರುವಿನಲ್ಲೇ ಎದುರಾಗುತ್ತವೆ. ಸೂತ್ರ ಉದ್ದ, ಅರ್ಥ ಚಿಕ್ಕದು. ದೇವರಾಯನದುರ್ಗದ ಘಾಟಿಯಲ್ಲಿ ಬೈಕ್ ತಿರುಗಿಸುವಾಗ ಆ ಕ್ಷಣಕ್ಕೆ ನೀವು ಯಾವುದೋ ಒಂದು ವೃತ್ತದ ಮೇಲೆ ಹೋಗುತ್ತಿರುತ್ತೀರಿ. ಆ ವೃತ್ತದ ತ್ರಿಜ್ಯವೇ ರೇಡಿಯಸ್ ಆಫ್ ಕರ್ವೇಚರ್. ತಿರುವು ಬಿಗಿಯಾದಷ್ಟೂ ತ್ರಿಜ್ಯ ಚಿಕ್ಕದು. ನೇರ ರಸ್ತೆಗೆ ಅನಂತ. ವೈ ಈಕ್ವಲ್ ಟು ಎಕ್ಸ್ ಸ್ಕ್ವೇರ್ ರೇಖೆಗೆ ಮೂಲಬಿಂದುವಿನಲ್ಲಿ ಸೂತ್ರ ಹಾಕಿದರೆ 1/2 ಬರುತ್ತದೆ, ಎಕ್ಸ್ 1ರಲ್ಲಿ ಸುಮಾರು 5.59. ಬಟ್ಟಲಿನ ತಳದಲ್ಲಿ ಬಾಗು ಹೆಚ್ಚು, ಮೇಲೆ ಹೋದಂತೆ ಸಡಿಲ. ಹಾಗೆ ಬರದಿದ್ದರೆ ಎಲ್ಲೋ ವರ್ಗ ಬಿಟ್ಟಿದ್ದೀರಿ.

ಪೋಲಾರ್ ಕರ್ವ್ ಕಂಠಪಾಠ ಮಾಡುವವರು ಒಂದು ಸಲವಾದರೂ ಕೈಯಲ್ಲಿ ಬರೆಯಲಿ. ಇಲ್ಲಿ ಬಿಂದುವನ್ನು ಗುರುತಿಸುವುದು ತೀಟಾ ಎಂಬ ಕೋನ ಮತ್ತು ಮೂಲಬಿಂದುವಿನಿಂದ ಆರ್ ಎಂಬ ದೂರದಿಂದ. ಆರ್ ಈಕ್ವಲ್ ಟು ಎ ಇನ್‌ಟು (1 ಪ್ಲಸ್ ಕಾಸ್ ತೀಟಾ). ಎ 4 ಸೆಂಟಿಮೀಟರ್ ಇಟ್ಟುಕೊಳ್ಳಿ. 0 ಡಿಗ್ರಿಗೆ 8, 60ಕ್ಕೆ 6, 90ಕ್ಕೆ 4, 120ಕ್ಕೆ 2, 180ಕ್ಕೆ 0. ಕೋನಮಾಪಕದಿಂದ ಗುರುತು ಹಾಕಿ ಸೇರಿಸಿ, ಕೆಳಗಿನ ಅರ್ಧವನ್ನು ಹಾಗೇ ಮಗುಚಿ. ತೊಟ್ಟಿನ ಕಡೆ ಒಳಕ್ಕೆ ಸೇದಿಕೊಂಡ, ಚೂಪು ತುದಿ ಇಲ್ಲದ ವೀಳ್ಯದೆಲೆ ಸಿಗುತ್ತದೆ. ಅದೇ ಕಾರ್ಡಿಯಾಯ್ಡ್.

ಪಾವಗಡದ ಬಿಸಿಲನ್ನು ಕೂಡುವುದು

ಇಂಟಿಗ್ರೇಷನ್ನನ್ನು "ಡಿಫರೆನ್ಶಿಯೇಷನ್ನಿನ ಉಲ್ಟಾ" ಅಂತ ಮಾತ್ರ ಕಲಿತವರಿಗೆ ಎರಡನೇ ಯೂನಿಟ್ಟಿನಲ್ಲೇ ಉಸಿರು ಕಟ್ಟುತ್ತದೆ. ಇಂಟಿಗ್ರೇಷನ್ ಮೂಲತಃ ಕೂಡುವುದು. ಲೈಬ್ನಿಟ್ಸ್ 1675ರಲ್ಲಿ ಬಳಸಿದ ಆ ಉದ್ದನೆಯ ಚಿಹ್ನೆ ಮೊತ್ತ ಎಂಬ ಅರ್ಥದ ಲ್ಯಾಟಿನ್ ಪದದ ಮೊದಲಕ್ಷರ, ಎಸ್, ಎಳೆದು ಬರೆದದ್ದು.

ನಮ್ಮ ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಅಷ್ಟು ದೊಡ್ಡದು ಬೇಡ, ಮನೆ ಮೇಲಿನ 1 ಕಿಲೋವ್ಯಾಟ್ ಪ್ಯಾನೆಲ್ ತೆಗೆದುಕೊಳ್ಳಿ. ಬೆಳಿಗ್ಗೆ 6ಕ್ಕೆ ಸೊನ್ನೆ, ಮಧ್ಯಾಹ್ನ 12ಕ್ಕೆ ಪೂರ್ತಿ 1, ಸಂಜೆ 6ಕ್ಕೆ ಮತ್ತೆ ಸೊನ್ನೆ. ನಡುವೆ ಸೈನ್ ರೇಖೆಯ ಅರ್ಧ ಗುಡ್ಡ ಅಂದುಕೊಳ್ಳೋಣ. ಬೆಳಗಿನ 6ರಿಂದ ಟಿ ಗಂಟೆ ಕಳೆದಾಗ ಪವರ್ ಸೈನ್ ಆಫ್ ಪೈ ಟಿ ಬೈ 12. ದಿನಕ್ಕೆ ಎಷ್ಟು ಯೂನಿಟ್? ಗುಡ್ಡದ ಕೆಳಗಿನ ವಿಸ್ತೀರ್ಣ.

ಮೊದಲು ಇಂಟಿಗ್ರೇಷನ್ ಇಲ್ಲದೆ ಮಾಡಿ. 6, 9, 12, 3, 6 ಗಂಟೆಗಳಲ್ಲಿ ಪವರ್ 0, 0.707, 1, 0.707, 0. ಮೂರು ಮೂರು ಗಂಟೆಯ ಪಟ್ಟಿಗಳು. ಪಟ್ಟಿಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸುವ ಟ್ರಪೀಜಿಯಂ ನಿಯಮದಲ್ಲಿ 7.24 ಯೂನಿಟ್. ಬಾಗಿದ ರೇಖೆಯಿಂದ ಸೇರಿಸುವ ಸಿಂಪ್ಸನ್ ನಿಯಮದಲ್ಲಿ 7.66. ಈಗ ಇಂಟಿಗ್ರೇಟ್ ಮಾಡಿ: 24 ಭಾಗಿಸು ಪೈ, 7.64. ಐದೇ ಸಂಖ್ಯೆಯಿಂದ ಸಿಂಪ್ಸನ್ ಎಷ್ಟು ಹತ್ತಿರ ಬಂದ ನೋಡಿ. (ನಿಜವಾದ ಪ್ಯಾನೆಲ್ 4ರಿಂದ 5 ಯೂನಿಟ್ ಕೊಟ್ಟರೆ ಚೆನ್ನಾಗಿದೆ ಅನ್ನುತ್ತಾರೆ. ಧೂಳು, ಮೋಡ, ಕಾವು, ಎಲ್ಲವೂ ಪಾಲು ಕೇಳುತ್ತವೆ. ಗುಡ್ಡವೂ ನಮ್ಮ ಸೈನ್ ಗುಡ್ಡಕ್ಕಿಂತ ಕಿರಿದು.)

ಇಲ್ಲಿ ಕ್ಯಾಲ್ಕುಲೇಟರ್ ರೇಡಿಯನ್ನಿನಲ್ಲಿ ಇರಲಿ. ಡಿಗ್ರಿಯಲ್ಲಿ ಬಿಟ್ಟ ಒಬ್ಬಳಿಗೆ ಮಟಮಟ ಮಧ್ಯಾಹ್ನ 27 ವ್ಯಾಟ್ ಬಂದಿತ್ತು. "ಗ್ರಹಣ ಏನಮ್ಮಾ?" ಅಂದೆ. ಆಮೇಲೆ ಅವಳು ಆ ತಪ್ಪು ಮಾಡಲಿಲ್ಲ.

ವಿಧಾನ ಆರಿಸುವುದಕ್ಕೆ ಹೆಚ್ಚು ಹೇಳುವುದಿಲ್ಲ. ಒಳಗಿನ ಫಂಕ್ಷನ್ನಿನ ಡೆರಿವೇಟಿವ್ ಹೊರಗೆ ಕಾಣುತ್ತಿದ್ದರೆ ಸಬ್‌ಸ್ಟಿಟ್ಯೂಷನ್. ಸಂಬಂಧವಿಲ್ಲದ ಎರಡು ಗುಣಿಸಿಕೊಂಡಿದ್ದರೆ ಬೈ ಪಾರ್ಟ್ಸ್. ಕೆಳಗೆ ಅಪವರ್ತಿಸಬಹುದಾದ ಬಹುಪದ ಇದ್ದರೆ ಪಾರ್ಶಿಯಲ್ ಫ್ರಾಕ್ಷನ್. ಬಂದ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿದರೆ ಪ್ರಶ್ನೆ ವಾಪಸ್ ಬರಬೇಕು. ಪ್ಲಸ್ ಸಿ ಮರೆಯಬೇಡಿ. ಅದು ಯಾಕೆ ಬೇಕು ಅಂತ ಡಿಫರೆನ್ಶಿಯಲ್ ಈಕ್ವೇಷನ್ ಬಂದಾಗ ಗೊತ್ತಾಗುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ 90 ಡಿಗ್ರಿಯಲ್ಲಿ ಇಳಿಯಿತು, ಹೊರಗೆ 26 ಡಿಗ್ರಿ, 5 ನಿಮಿಷಕ್ಕೆ 58 ಆಯಿತು ಅನ್ನಿ. 10 ನಿಮಿಷಕ್ಕೆ ಎಷ್ಟು? ಅರ್ಧವಾಗುವುದು ಹೊರಗಿನ ಗಾಳಿಗಿಂತ ಇರುವ ಹೆಚ್ಚುವರಿ ಬಿಸಿ: 64, 32, 16. ಹಾಗಾಗಿ 42. ಶುರುವಿನ ಆ 90 ಅನ್ನು ಲೆಕ್ಕದೊಳಗೆ ತರುವುದು ಸಿ.

ಫೋನು, ವಾರ, ಪರೀಕ್ಷೆ

ಫೋನ್ ಬೇಡ ಅನ್ನುವ ಮೇಷ್ಟರು ನಾನಲ್ಲ. ಡೆಸ್ಮಾಸ್, ಜಿಯೋಜೀಬ್ರಾದಲ್ಲಿ ಗ್ರಾಫ್ ನೋಡಿ, ಐಐಟಿ ಮೇಷ್ಟರುಗಳ ಆನ್‌ಲೈನ್ ವಿಡಿಯೋ ಪಾಠಗಳು, ಎನ್‌ಪಿಟಿಇಎಲ್, ಪುಕ್ಕಟೆ ಇವೆ, ಕೇಳಿ. ಲೆಕ್ಕದ ಫೋಟೋ ಹೊಡೆದರೆ ಉತ್ತರ ಬರೆದುಕೊಡುವ ಆ್ಯಪ್‌ಗಳಿಗೆ ಮಾತ್ರ ಒಂದು ಕಟ್ಟಳೆ ಹಾಕಿಕೊಳ್ಳಿ: ನೀವು ಇಪ್ಪತ್ತು ನಿಮಿಷ ಒದ್ದಾಡಿದ ಮೇಲೆ, ಮೊದಲ ಎರಡು ಸಾಲು ಮಾತ್ರ ನೋಡಿ, ಮುಚ್ಚಿ, ಮುಂದೆ ನೀವೇ ಬರೆಯಿರಿ.

ವಾರದಲ್ಲಿ ಐದು ದಿನ ದಿನಕ್ಕೆ ಒಂದು ಗಂಟೆ, ಭಾನುವಾರ ಎರಡು ಗಂಟೆ. ಕ್ಲಾಸಿನ ದಿನವೇ ರಾತ್ರಿ ಬೋರ್ಡಿನ ಲೆಕ್ಕಗಳನ್ನು ನೋಟ್ಸ್ ಮುಚ್ಚಿಟ್ಟು ಮತ್ತೆ ಮಾಡಿ. ಎಲ್ಲಿ ಕೈ ನಿಂತಿತೋ ಅಲ್ಲಿ ಕೆಂಪು ಚುಕ್ಕಿ ಇಡಿ. ಭಾನುವಾರ ಬರೀ ಕೆಂಪು ಚುಕ್ಕಿಗಳು. ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಓದುವವರು ಸೀಟು ಸಿಕ್ಕರೆ ಸೂತ್ರ ನೆನಪಿಸಿಕೊಳ್ಳಿ. ಲೆಕ್ಕವನ್ನು ಮಾತ್ರ ಮೇಜಿನ ಮುಂದೆ ಕೂತೇ ಮಾಡಬೇಕು. ಒಬ್ಬರೇ ಕೂರುವುದಕ್ಕಿಂತ ಮೂವರು ಕೂರುವುದು ಒಳ್ಳೆಯದು. ಐವರಾದರೆ ಹರಟೆ.

ವಿಟಿಯು ಪೇಪರಿನಲ್ಲಿ ಹಲವು ವರ್ಷಗಳಿಂದ ಇರುವ ಕ್ರಮ ಐದು ಮಾಡ್ಯೂಲ್, ಪ್ರತಿಯೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಒಂದನ್ನು ಆರಿಸಿ ಬರೆಯುವುದು. ಸ್ಕೀಮ್ ಬದಲಾಗುತ್ತಿರುತ್ತದೆ, ಸ್ವಾಯತ್ತ ಕಾಲೇಜು ಮತ್ತು ಬಿ.ಎಸ್ಸಿ.ಗಳಲ್ಲಿ ಕ್ರಮ ಬೇರೆ. ನಿಮ್ಮ ಸಿಲಬಸ್ ಮೊದಲ ದಿನವೇ ಪ್ರಿಂಟ್ ತೆಗೆಸಿಕೊಳ್ಳಿ. ಮೂರು ಗಂಟೆಗೆ ಐದು ಪ್ರಶ್ನೆ ಅಂದರೆ ಒಂದಕ್ಕೆ 36 ನಿಮಿಷ. 30ಕ್ಕೆ ಮುಗಿಸುವ ಅಭ್ಯಾಸ ಮಾಡಿ, ಉಳಿದ ಅರ್ಧ ಗಂಟೆ ಚಿಹ್ನೆ ತಪ್ಪು ಹುಡುಕಲು. ಸೂತ್ರ ಬರೆದು, ಏನನ್ನು ಏನಕ್ಕೆ ಹಾಕಿದಿರಿ ಅಂತ ಸಾಲು ಸಾಲಾಗಿ ತೋರಿಸಿ. ಉತ್ತರ ತಪ್ಪಿದರೂ ಹೆಜ್ಜೆಗಳಿಗೆ ಅಂಕ ಸಿಗುತ್ತದೆ. ತಪ್ಪಾದದ್ದನ್ನು ಗೀಚಿ ಕಪ್ಪು ಮಾಡಬೇಡಿ, ಒಂದು ಗೆರೆ ಹೊಡೆದು ಮುಂದೆ ಹೋಗಿ. ಆ ಗೆರೆಯ ಕೆಳಗೆ ಇದ್ದದ್ದೇ ಸರಿ ಅಂತ ಅರ್ಧ ಗಂಟೆಯ ನಂತರ ಗೊತ್ತಾಗುವುದುಂಟು.

ಮೊದಲ ವಾರದ ಉತ್ತರಗಳು

1. 5 ಮತ್ತು 7. ಒಂದೇ ಅಲ್ಲ. ಇನ್ನು ಮುಂದೆ ಕೂಡಿದ್ದರ ವರ್ಗಮೂಲ ಒಡೆಯಬೇಡಿ.
2. 1/5 ಮತ್ತು 5/6. ತಪ್ಪಿದವರು ಪಾರ್ಶಿಯಲ್ ಫ್ರಾಕ್ಷನ್ ಮುಟ್ಟುವ ಮೊದಲು ಭಿನ್ನರಾಶಿಗೆ ಹಿಂತಿರುಗಿ.
3. 5. ಲಾಗ್ 8 ಅಂದರೆ 3, ಲಾಗ್ 4 ಅಂದರೆ 2. ಇದು ಲಾಗ್ 32, ಲಾಗ್ 12 ಅಲ್ಲ.
4. 1/2. ಮೈನಸ್ 2 ಬರೆದವರು ಘಾತಾಂಕದ ಅಧ್ಯಾಯ ಮೊದಲಿನಿಂದ ಮಾಡಿ.
5. ಮೈನಸ್ 1/2. ಮೈನಸ್ ಬಿಟ್ಟವರಿಗೆ ವೀಳ್ಯದೆಲೆ ಅರ್ಧವೇ ಬರುತ್ತದೆ.
6. 6. ಎಕ್ಸ್ ಜಾಗದಲ್ಲಿ 3 ಹಾಕಿ ಸೊನ್ನೆ ಬೈ ಸೊನ್ನೆ ಬಂತು ಅಂತ ನಿಲ್ಲಿಸಿದವರು 2.9 ಮತ್ತು 3.1 ಹಾಕಿ ನೋಡಿ. 5.9 ಮತ್ತು 6.1 ಬರುತ್ತದೆ.